ಬೂದಿಗುಡ್ಡಗಳ ಸಾಕ್ಷಿ

ಬಳ್ಳಾರಿಯಿಂದ ಹೊಸಪೇಟೆಗೆ ಹೋಗುವ ಹೆದ್ದಾರಿಯಲ್ಲಿ ಕುಡತಿನಿಯೆಂಬ ಊರು ಇರುವುದು. ಆ ಊರಿನ ಸಮೀಪದಲ್ಲಿ ಬೂದುಬಣ್ಣದ ದಿಬ್ಬವೊಂದು ನಿಂತಿದೆ. ಹಂಪೆಯನ್ನು ಕಣ್ತುಂಬ ನೋಡಿ ಬರಬೇಕೆಂದು ಹೊರಟ ಯಾತ್ರಿಕರು, ಅಧಿಕಾರಿಗಳು, ಮಕ್ಕಳನ್ನು ಪ್ರವಾಸಕ್ಕೆ ಕರೆದೊಯ್ಯುವ ಮಾಸ್ತರರು, ಎಲ್ಲರೂ ಈ ದಾರಿಯಲ್ಲಿಯೇ ಹಾದುಹೋಗುವರು. ಅವರಲ್ಲಿ ಆ ದಿಬ್ಬದ ಕಡೆಗೆ ಕಣ್ಣೆತ್ತಿ ನೋಡಿದವರೆಷ್ಟು ಮಂದಿ? ಅವರು ನೋಡಲು ಹೊರಟ ಹಂಪೆಯ ರಾಜಧಾನಿಯು ಹದಿನಾಲ್ಕನೆಯ ಶತಮಾನದಲ್ಲಿ ಎದ್ದದ್ದು. ದಾರಿಯಲ್ಲಿ ಅವರು ಬಿಟ್ಟುಹೋದ ಆ ದಿಬ್ಬವು ಹಂಪೆಗಿಂತ ಮೂರು ಸಾವಿರ ವರ್ಷಗಳಷ್ಟು ಹಿರಿಯದು. ಸಿಂಧೂ ನದಿಯ ದಂಡೆಯಲ್ಲಿ ಮೊಹೆಂಜೊದಾರೋ ಪಟ್ಟಣವು ಬಾಳುತ್ತಿದ್ದ ಯುಗದಲ್ಲಿಯೇ, ತುಂಗಭದ್ರಾ ಕೃಷ್ಣೆಗಳ ಸೀಮೆಯ ಈ ಬಯಲಿನಲ್ಲಿ ಇಂಥ ದಿಬ್ಬಗಳು ಬೆಳೆಯುತ್ತಿದ್ದವು. ಮೊಹೆಂಜೊದಾರೋ ಹೆಸರನ್ನು ಇಂದು ನಮ್ಮ ಐದನೆಯ ತರಗತಿಯ ಹುಡುಗನೂ ಹೇಳಬಲ್ಲನು. ಕುಡತಿನಿಯ ಹೆಸರನ್ನು ಹೇಳಿದರೆ, ಅಲ್ಲೊಂದು ವಿದ್ಯುತ್ತಿನ ಕಾರಖಾನೆಯಿದೆಯಲ್ಲವೇ ಎಂದು ಪದವೀಧರರೂ ಕೇಳುವರು. ಇದೆ, ನಿಜ. ಕಲ್ಲಿದ್ದಲನ್ನು ಉರಿಸಿ ಅದೂ ರಾಶಿರಾಶಿಯಾಗಿ ಬೂದಿಯನ್ನು ಹೊರಗೆಡಹುತ್ತಿದೆ. ಹಳೆಯ ಬೂದಿಯ ಅರ್ಥವನ್ನು ತಿಳಿಯಲು ನಮ್ಮ ಪಂಡಿತರಿಗೆ ನೂರಿಪ್ಪತ್ತು ವರ್ಷಗಳಿಗೂ ಮಿಕ್ಕ ಕಾಲ ಹಿಡಿಯಿತು. ಹೊಸ ಬೂದಿಯ ಅರ್ಥವನ್ನು ಮುಂದಿನವರು ತಿಳಿದುಕೊಳ್ಳಲಿ.

ಇಂಥ ಬೂದಿಗುಡ್ಡಗಳು ಒಂದೆರಡಲ್ಲ. ಬಳ್ಳಾರಿ, ರಾಯಚೂರು, ಕೊಪ್ಪಳ, ಯಾದಗಿರಿ ಜಿಲ್ಲೆಗಳಲ್ಲಿಯೂ, ಅವಕ್ಕೆ ಹೊಂದಿದ ಆಂಧ್ರ ತೆಲಂಗಾಣಗಳ ಸೀಮೆಯಲ್ಲಿಯೂ ನೂರಕ್ಕೂ ಮಿಗಿಲಾಗಿ ಅವು ಗೊತ್ತಾಗಿವೆ. ಕೆಲವು ನೆಲದಿಂದ ಮೊಳದೆತ್ತರವೂ ಇಲ್ಲ. ಕೆಲವು ಹತ್ತು ಮೀಟರಿನಷ್ಟು ಎತ್ತರಕ್ಕೆ ಏರಿವೆ. ಮೇಲೆ ಸಡಿಲವಾದ ಬೂದಿ. ಒಳಗೆ ಅಗೆದರೆ ಪದರ ಪದರವಾಗಿ ಬೂದಿಯೂ ಮಣ್ಣೂ. ಕೆಲವೆಡೆ ಬೆಂಕಿಯ ಉಗ್ರತೆಗೆ ಕರಗಿ ಗಾಜಿನಂತೆ ಗಟ್ಟಿಯಾದ, ತೂತುತೂತಾದ ಕಿಟ್ಟದಂತಹ ಗಡ್ಡೆಗಳು. ಇಷ್ಟು ಬೂದಿ ಎಲ್ಲಿಂದ ಬಂದಿತು? ಯಾರು ಸುಟ್ಟರು? ಏನನ್ನು ಸುಟ್ಟರು?

ಈ ಪ್ರಶ್ನೆಗೆ ಮೊಟ್ಟಮೊದಲು ಉತ್ತರ ಕೊಟ್ಟವರು ನಮ್ಮ ಹಳ್ಳಿಯ ಜನರು. ಹಂಪೆಯ ಬಳಿಯ ನಿಂಬಾಪುರದಲ್ಲಿರುವ ಬೂದಿಯನ್ನು ಅವರು ವಾಲಿಯ ಚಿತೆಯೆಂದರು. ಕಿಷ್ಕಿಂಧೆಯೆಂದು ಹೆಸರಾದ ನೆಲದಲ್ಲಿ ಅಷ್ಟು ದೊಡ್ಡ ಚಿತೆ ಇನ್ನಾರದಿದ್ದೀತು? ಬಳ್ಳಾರಿಗೆ ಸಮೀಪವಾದ ಕುಪ್ಪಗಲ್ಲಿನ ಬೂದಿಕಣಮದಲ್ಲಿ ಭೀಮಸೇನನಿಂದ ಹತನಾದ ಹಿಡಿಂಬಾಸುರನನ್ನು ಸುಟ್ಟರೆಂದರು. ಕಣಮವೆಂಬುದು ತೆಲುಗಿನ ಮಾತು, ಕಣಿವೆಯೆಂದು ಅರ್ಥ. ಬೂದಿಯೆಂಬ ಮಾತು ಕನ್ನಡ ತೆಲುಗುಗಳೆರಡಕ್ಕೂ ಸಮಾನವಾದುದು. ಆ ಸೀಮೆಯ ಸ್ವಭಾವವೇ ಅದು. ಇಂಥ ಕಥೆಗಳನ್ನು ಕೇಳಿ ನಗುವವರು ನಮ್ಮಲ್ಲಿ ಬಹಳ. ನಾವು ನಗಲಾರೆವು. ಇದು ಸಾಮಾನ್ಯ ಮಣ್ಣಲ್ಲ, ಮನುಷ್ಯರ ಕೈಯಿಂದಾದ ಮಹಾ ಅಗ್ನಿಯ ಶೇಷವಿದು, ಬಹು ಪುರಾತನವಾದುದು ಎಂಬ ಮೂರು ಸಂಗತಿಗಳನ್ನು ಆ ಕಥೆಗಳು ಸರಿಯಾಗಿಯೇ ಹಿಡಿದಿದ್ದವು. ಆಮೇಲೆ ಬಂದ ಪಂಡಿತರಲ್ಲಿ ಕೆಲವರು ಈ ಮೂರರಲ್ಲಿ ಒಂದೆರಡನ್ನು ಕೈಬಿಟ್ಟರೆಂಬುದನ್ನು ಮುಂದೆ ಹೇಳುವೆವು.

ಕ್ಯಾಪ್ಟನ್ ನ್ಯೂಬೋಲ್ಡನೆಂಬ ಮದ್ರಾಸು ಸೈನ್ಯದ ಅಧಿಕಾರಿಯು 1836ರಲ್ಲಿ ಬೂದಿಕಣಮದ ವರ್ಣನೆಯನ್ನು ಪ್ರಕಟಿಸಿದನು. ಅಂದಿನಿಂದ ಈ ಬೂದಿಯು ವಿದ್ವಾಂಸರ ಚರ್ಚೆಯ ವಸ್ತುವಾಯಿತು. ಜ್ವಾಲಾಮುಖಿಯ ಉಗುಳೆಂದವರುಂಟು, ಕಬ್ಬಿಣವನ್ನು ಕರಗಿಸಿದ ಕುಲುಮೆಗಳ ಕಿಟ್ಟವೆಂದವರುಂಟು, ಸುಣ್ಣದ ಭಟ್ಟಿ, ಇಟ್ಟಿಗೆಯ ಭಟ್ಟಿಗಳೆಂದವರೂ ಉಂಟು. ವಿಜಯನಗರದ ಇತಿಹಾಸವನ್ನು ಬರೆದು ಕನ್ನಡಿಗರೆಲ್ಲರ ಕೃತಜ್ಞತೆಗೆ ಪಾತ್ರನಾದ ರಾಬರ್ಟ್ ಸಿವೆಲ್ಲನು 1899ರಲ್ಲಿ, ಇವು ವಿಜಯನಗರದ ಕಾಲದ ದೊಡ್ಡ ದಹನಗಳ ಅವಶೇಷಗಳಿರಬೇಕೆಂದು ವಾದಿಸಿದನು. ಒಂದು ವಿಷಯದಲ್ಲಿ ಮುಳುಗಿದವನಿಗೆ ಕಂಡದ್ದೆಲ್ಲ ಅದೇ ಆಗಿ ತೋರುವುದು ಸಹಜ. ವಾಲಿಯ ಚಿತೆಯೆಂದ ಹಳ್ಳಿಗನಿಗಿಂತಲೂ ಸಿವೆಲ್ಲನು ಸತ್ಯದಿಂದ ದೂರವೇ ಇದ್ದನು; ಹಳ್ಳಿಗನು ಅದು ಬಹು ಪುರಾತನವಾದುದೆಂದಾದರೂ ಬಲ್ಲನು.

ಸರಿಯಾದ ದಾರಿಯನ್ನು ಹಿಡಿದವನು ರಾಬರ್ಟ್ ಬ್ರೂಸ್ ಫೂಟ್. ಭೂಗರ್ಭಶಾಸ್ತ್ರ ಇಲಾಖೆಯಲ್ಲಿ ಸೇವೆಯಲ್ಲಿದ್ದ ಈ ಮಹನೀಯನೇ 1863ರಲ್ಲಿ ಮದ್ರಾಸಿನ ಹತ್ತಿರ ಪಲ್ಲಾವರದಲ್ಲಿ ಹಳೆಯ ಶಿಲಾಯುಗದ ಕೈಗೊಡಲಿಯನ್ನು ಹೆಕ್ಕಿ, ಭಾರತದಲ್ಲಿಯೂ ಶಿಲಾಯುಗದ ಮಾನವನು ಬಾಳಿದ್ದನೆಂದು ತೋರಿಸಿದವನು. ಮುಂದೆ ಬಳ್ಳಾರಿಯ ಸೀಮೆಯನ್ನು ಸುತ್ತುತ್ತ ಬೆಟ್ಟಬೆಟ್ಟಗಳನ್ನು ಹತ್ತಿ ಕಲ್ಲಿನ ಕೊಡಲಿಗಳನ್ನೂ ಮಡಕೆಯ ಚೂರುಗಳನ್ನೂ ಕೂಡಿಹಾಕಿದನು. ಬೂದಿಗುಡ್ಡಗಳ ಸುತ್ತಮುತ್ತ ನಯಮಾಡಿದ ಕಲ್ಲಿನ ಕೊಡಲಿಗಳು ಸಿಕ್ಕುವುದನ್ನು ಗಮನಿಸಿ, ಇವು ನೂತನ ಶಿಲಾಯುಗದವೆಂದೂ, ಬೂದಿಯು ಬೇರೇನೂ ಅಲ್ಲ, ದನದ ಸಗಣಿಯದೆಂದೂ ಆತನು ಅಭಿಪ್ರಾಯಪಟ್ಟನು. ಸಗಣಿ! ಪಂಡಿತರಿಗೆ ರುಚಿಸುವ ಉತ್ತರವಲ್ಲವಿದು. ಆದುದರಿಂದಲೇ ಅನಂತರವೂ ಅರ್ಧ ಶತಮಾನದವರೆಗೆ ಕುಲುಮೆ ಭಟ್ಟಿಗಳ ಮಾತು ನಡೆದೇ ಇದ್ದಿತು.

ಒಮ್ಮೆ ದೋಆಬದ ಹಳ್ಳಿಯೊಂದರಲ್ಲಿ ಬೂದಿಯ ದಿಬ್ಬದಿಂದ ಬುಟ್ಟಿ ತುಂಬಿ ಗಾಡಿಗೆ ಹೇರುತ್ತಿದ್ದ ರೈತರೊಬ್ಬರನ್ನು ನಾವು ಮಾತಾಡಿಸಿದೆವು. “ಯಜಮಾನರೇ, ಇದನ್ನು ಎಲ್ಲಿಗೆ ಒಯ್ಯುತ್ತೀರಿ?” ಎಂದು ಕೇಳಲು ಅವರು, “ಹೊಲಕ್ಕರೀ. ಸಗಣಿ ಬೂದಿ ಅಲ್ಲೇನ್ರಿ ಇದು, ಪೀಕು ಚಲೋ ಬರತೈತಿ” ಎಂದರು. ಸಿವೆಲ್ಲನಂಥವನು ಕಾಣದೆ ಹೋದ ಸತ್ಯವನ್ನು ಒಕ್ಕಲಿಗನು ಮೂಗಿನಿಂದಲೇ ತಿಳಿದಿದ್ದನು. ಆ ಗಾಡಿಯ ವಿಷಯವನ್ನು ಮತ್ತೆ ಎತ್ತುವೆವು.

ವಾದವು ತೀರ್ಮಾನಕ್ಕೆ ಬಂದದ್ದು ಪ್ರಯೋಗಶಾಲೆಯಲ್ಲಿ. ಲಂಡನ್ನಿನ ಪ್ರಾಧ್ಯಾಪಕ ಫ್ರೆಡೆರಿಕ್ ಝಾಯ್ನರನು ಈ ಬೂದಿಯನ್ನು ಪರೀಕ್ಷೆಗೆ ಒಡ್ಡಿ, ಇದು ಸಗಣಿಯ ಬೂದಿಯೇ ಎಂದೂ, ಸಗಣಿಯ ಬೂದಿಯೇ ಅತಿಯಾದ ಕಾವಿಗೆ ಕರಗಿ ಗಾಜಿನಂಥ ಗಡ್ಡೆಯಾಗಬಲ್ಲುದೆಂದೂ 1960ರಲ್ಲಿ ಪ್ರಕಟಿಸಿದನು. ಅದಕ್ಕೆ ಮೂರು ವರ್ಷ ಮೊದಲು, 1957ರಲ್ಲಿ, ರೇಮಂಡ್ ಆಲ್ಚಿನನು ಈಗ ತೆಲಂಗಾಣಕ್ಕೆ ಸೇರಿದ ಉಟ್ನೂರಿನ ಬೂದಿಗುಡ್ಡವನ್ನು ಅಗೆಸಿದ್ದನು. ಅಲ್ಲಿ ಕಂಡದ್ದನ್ನು ನೆನೆದರೆ ಇಂದಿಗೂ ಮೈ ಜುಮ್ಮೆನ್ನುವುದು. ಮರದ ಕಂಬಗಳನ್ನು ಒತ್ತೊತ್ತಾಗಿ ನೆಟ್ಟು ಕಟ್ಟಿದ ದೊಡ್ಡಿಯ ಕುಳಿಗಳು. ದೊಡ್ಡಿಯೊಳಗೆ ಸಗಣಿಯ ಪದರ, ಅದನ್ನು ಸುಟ್ಟ ಬೂದಿ, ಮತ್ತೆ ದೊಡ್ಡಿ, ಮತ್ತೆ ಬೂದಿ. ಆ ಮೆತ್ತನೆಯ ಪದರಗಳ ಮೇಲೆ ದನಗಳ ಗೊರಸಿನ ಗುರುತುಗಳು. ನಾಲ್ಕು ಸಾವಿರ ವರ್ಷಗಳ ಹಿಂದೆ ಒಂದು ಸಂಜೆ ಮನೆಗೆ ಬಂದ ಹಸುವೊಂದು ಇಟ್ಟ ಹೆಜ್ಜೆಯು ಹಾಗೆಯೇ ಉಳಿದಿತ್ತು! ಎಷ್ಟೋ ಅರಸರ ಹೆಜ್ಜೆ ನಮಗೆ ಉಳಿದಿಲ್ಲ.

ಆಲ್ಚಿನನು 1963ರಲ್ಲಿ ಪ್ರಕಟಿಸಿದ ಗ್ರಂಥವು ದಕ್ಷಿಣ ಭಾರತದ ಈ ದನಗಾಹಿಗಳನ್ನು ಲೋಕಕ್ಕೆ ಪರಿಚಯಮಾಡಿಕೊಟ್ಟಿತು. ಅನಂತರ ಪುಣೆಯ ಡೆಕ್ಕನ್ ಕಾಲೇಜಿನ ಕೆ. ಪದ್ದಯ್ಯನವರು ಸುರಪುರ ಸೀಮೆಯ ಬೂದಿಹಾಳದಲ್ಲಿ 1989ರಿಂದ ಹಲವು ವರ್ಷ ಅಗೆಯಿಸಿ, ಬೂದಿಯ ಪಕ್ಕದಲ್ಲಿಯೇ ಜನರು ವಾಸವಾಗಿದ್ದ ಊರನ್ನು ಬೆಳಕಿಗೆ ತಂದರು. ಗುಡಿಸಲುಗಳ ನೆಲೆ, ದನದ ದೊಡ್ಡಿ, ಗಟ್ಟಿಗಲ್ಲನ್ನು ಚಕ್ಕೆ ಚಕ್ಕೆಯಾಗಿ ಎಬ್ಬಿಸಿ ಅಲಗುಗಳನ್ನು ಮಾಡುತ್ತಿದ್ದ ಕಲ್ಲುಕೆಲಸದ ಸ್ಥಳ, ದನಗಳನ್ನು ಕಡಿದು ಪಾಲುಮಾಡುತ್ತಿದ್ದ ಹಾಸುನೆಲ, ಮಡಕೆಯಲ್ಲಿಟ್ಟು ಹೂಳಿದ ಕೂಸುಗಳ ಎಲುಬು, ಇವೆಲ್ಲವೂ ಅಲ್ಲಿ ದೊರೆತವು. ದನಗಳನ್ನು ಕಡಿಯುತ್ತಿದ್ದರೆಂಬ ಮಾತನ್ನು ಓದಿ ಕೆಲವು ವಾಚಕರು ಹುಬ್ಬು ಗಂಟಿಕ್ಕಬಹುದು. ಎಲುಬಿನ ಮೇಲಿನ ಕತ್ತಿಯ ಗೆರೆಯನ್ನು ನಮ್ಮ ರುಚಿಗೆ ತಕ್ಕಂತೆ ಅಳಿಸುವ ಹಕ್ಕು ನಮಗಿಲ್ಲ. ಇದ್ದುದನ್ನು ಇದ್ದಂತೆ ಹೇಳದ ಇತಿಹಾಸವು ಪುರಾಣಕ್ಕಿಂತ ಕೀಳು. ಪುರಾಣವು ತಾನು ಪುರಾಣವೆಂಬುದನ್ನಾದರೂ ಮುಚ್ಚಿಡದು.

ಆ ಜನರು ಉಣ್ಣುತ್ತಿದ್ದುದು ಏನು? ಇದು ಈಚಿನ ಮೂರು ದಶಕಗಳಲ್ಲಿ ತಿಳಿದುಬಂದ ಸಂಗತಿ. ಅಗೆತದ ಮಣ್ಣನ್ನು ನೀರಿನಲ್ಲಿ ಕದಡಿದರೆ ಕರಿಯಾಗಿ ಸುಟ್ಟ ಕಾಳುಗಳು ಮೇಲಕ್ಕೆ ತೇಲಿಬರುವವು. ಅವುಗಳನ್ನು ಸೂಕ್ಷ್ಮದರ್ಶಕದಲ್ಲಿ ನೋಡಿ ಯಾವ ಧಾನ್ಯವೆಂದು ಹೇಳಬಹುದು. ಡೋರಿಯನ್ ಫುಲ್ಲರ್, ಧಾರವಾಡದ ರವಿ ಕೋರಿಶೆಟ್ಟರ್ ಮೊದಲಾದವರು ಹೀಗೆ ಪರಿಶೀಲಿಸಿ ಕಂಡದ್ದೇನೆಂದರೆ, ಹುರುಳಿ, ಹೆಸರು, ಮತ್ತು ಕೊರಲೆಯೇ ಮೊದಲಾದ ಕಿರುಧಾನ್ಯಗಳು. ಗೋದಿ ಜವೆಗಳು ಆಮೇಲೆ ಉತ್ತರದಿಂದ ಬಂದು ಸ್ವಲ್ಪ ಮಾತ್ರ ಸೇರಿಕೊಂಡವು. ಹುರುಳಿ, ಹೆಸರು, ಕೊರಲೆ! ತುಮಕೂರು ಚಿತ್ರದುರ್ಗಗಳ ಕಡೆಯ ಬಡ ಒಕ್ಕಲಿಗನು ಮಳೆ ಕೈಕೊಟ್ಟ ವರ್ಷ ನೆಚ್ಚುವ ಕೊರಲೆಯು ನಾಲ್ಕು ಸಾವಿರ ವರ್ಷಗಳ ಹಿಂದೆಯೂ ಈ ನೆಲದಲ್ಲಿ ಹಸಿವನ್ನು ಹಿಂಗಿಸುತ್ತಿತ್ತು. ನಮ್ಮ ಅಭಿಮಾನದ ರಾಗಿಯು ಮಾತ್ರ ಮೂಲತಃ ಆಫ್ರಿಕೆಯದು. ಸಾಗರವನ್ನು ದಾಟಿ ಬಂದು ನಮ್ಮದಾಯಿತು. ಬಂದದ್ದು ಎಲ್ಲಿಂದಲೇ ಆಗಲಿ, ಮುದ್ದೆಯ ರುಚಿಗೇನೂ ಕುಂದಿಲ್ಲ.

ಬಳ್ಳಾರಿಯ ಮಗ್ಗುಲಲ್ಲಿಯೇ ಇರುವ ಸಂಗನಕಲ್ಲು ಕುಪ್ಪಗಲ್ಲುಗಳ ಬೆಟ್ಟಗಳ ಸಂಗತಿಯು ಇನ್ನೂ ವಿಶೇಷವಾದುದು. ಅಲ್ಲಿಯ ಹಿರೇಗುಡ್ಡದಲ್ಲಿ ಕರಿಗಲ್ಲಿನ ಉದ್ದನೆಯ ಪಟ್ಟಿಯೊಂದು ಬೆಟ್ಟವನ್ನು ಸೀಳಿಕೊಂಡು ಹಾದುಹೋಗಿದೆ. ಆ ಕಲ್ಲನ್ನು ಒಡೆದು, ಚಕ್ಕೆ ಎಬ್ಬಿಸಿ, ತಿಕ್ಕಿ ನಯಮಾಡಿ ಕೊಡಲಿಗಳನ್ನು ಮಾಡುತ್ತಿದ್ದರು. ಕಾರಖಾನೆಯೆಂದು ಕರೆಯಲು ಯಾವ ಅಡ್ಡಿಯೂ ಇಲ್ಲ. ಕಲ್ಲಿನ ಚಕ್ಕೆಗಳ ರಾಶಿ, ಅರ್ಧಕ್ಕೆ ಮುರಿದು ಬಿಸುಟ ಕೊಡಲಿಗಳು, ತಿಕ್ಕಿ ತಿಕ್ಕಿ ಬಂಡೆಯಲ್ಲಿ ಬಿದ್ದ ನುಣುಪಾದ ತಗ್ಗುಗಳು ಇಂದಿಗೂ ಸಾಕ್ಷಿ ಹೇಳುವವು. ಅದೇ ಕರಿಗಲ್ಲುಗಳ ಮೇಲೆ ಕುಟ್ಟಿ ಮೂಡಿಸಿದ ಚಿತ್ರಗಳುಂಟು. ಉದ್ದ ಕೊಂಬಿನ, ಇಣಿಯುಳ್ಳ ದನಗಳೇ ಅವುಗಳಲ್ಲಿ ಬಹುಪಾಲು. ಇನ್ನು ಕೆಲವು ಬಂಡೆಗಳನ್ನು ಕಲ್ಲಿನಿಂದ ಬಡಿದರೆ ಜಾಗಟೆಯಂತೆ ನಾದಗೊಡುವವು. ಬಡಿದು ಬಡಿದು ಗುಳಿಬಿದ್ದ ಗುರುತುಗಳೂ ಅವುಗಳ ಮೇಲಿವೆ. ಏತಕ್ಕಾಗಿ ಆ ನಾದವನ್ನೆಬ್ಬಿಸಿದರೋ ಯಾರು ಬಲ್ಲರು! ಬೆಟ್ಟದ ಮೇಲೆ ರಾತ್ರಿ ಬೆಂಕಿ, ಕೆಳಗೆ ದೊಡ್ಡಿಯಲ್ಲಿ ದನಗಳ ಉಸಿರು, ಮೇಲಿಂದ ಕಲ್ಲಿನ ಘಂಟಾನಾದ. ಇಷ್ಟನ್ನು ಊಹಿಸಿಕೊಳ್ಳುವ ಸ್ವಾತಂತ್ರ್ಯವನ್ನು ವಾಚಕರು ನಮಗೆ ಕೊಡಬೇಕು.

ಈಗ ಉಳಿದುದು ಒಂದೇ ಪ್ರಶ್ನೆ. ಗೊಬ್ಬರವಾಗಬಲ್ಲ ಸಗಣಿಯನ್ನು ಅವರು ಸುಟ್ಟುದಾದರೂ ಏಕೆ? ರೋಗರುಜಿನ, ನೊಣ ಉಣ್ಣೆಗಳ ಕಾಟ ಕಳೆಯಲೆಂದು ದೊಡ್ಡಿಯನ್ನು ಆಗಾಗ ಶುಚಿಗೊಳಿಸಿ ಸುಟ್ಟರೆಂಬುದು ಒಂದು ಪಕ್ಷ. ಬೂದಿಹಾಳದ ಅಗೆತದಿಂದ ಪದ್ದಯ್ಯನವರು ತೋರಿಸಿರುವುದು ಇಂಥ ನಿತ್ಯಜೀವನದ ಚಿತ್ರವನ್ನೇ. ಸುಟ್ಟುದು ಹಬ್ಬಗಳಲ್ಲಿ, ಋತುವಿನ ಸಂಧಿಯಲ್ಲಿ, ದನಗಳನ್ನು ಬೆಂಕಿಯ ಮೂಲಕ ಹಾಯಿಸುವ ಆಚರಣೆಯ ಅಂಗವಾಗಿ ಎಂಬುದು ಆಲ್ಚಿನನ ಪಕ್ಷ. ತಲೆಮಾರುಗಳವರೆಗೆ ಒಂದೇ ಸ್ಥಳದಲ್ಲಿ ಬೂದಿಯನ್ನು ಪೇರಿಸುತ್ತ ಬಂದುದನ್ನು ನೋಡಿದರೆ ಅವು ಬರಿಯ ತಿಪ್ಪೆಗಳಲ್ಲ, ಬೇಕೆಂದೇ ಎತ್ತಿ ನಿಲ್ಲಿಸಿದ ಸ್ಮಾರಕಗಳೆಂದು ಈಚಿನ ಕೆಲವರು ಹೇಳುವರು. ಮಕರ ಸಂಕ್ರಾಂತಿಯ ಸಂಜೆ ಮೈಸೂರು ಸೀಮೆಯಲ್ಲಿ ದನಗಳನ್ನು ಸಿಂಗರಿಸಿ ಕಿಚ್ಚು ಹಾಯಿಸುವುದನ್ನು ಕಂಡವರಿಗೆ ಆಲ್ಚಿನನ ಮಾತು ಮನಸ್ಸಿಗೆ ಹಿತವಾಗದಿರದು. ನಮಗೂ ಹಿತವಾಗುವುದು. ಹಿತವಾದುದೆಂಬ ಕಾರಣದಿಂದಲೇ ಅದನ್ನು ಎಚ್ಚರದಿಂದ ನೋಡಬೇಕು. ಬೂದಿಗುಡ್ಡಕ್ಕೂ ಇಂದಿನ ಕಿಚ್ಚಿಗೂ ನಡುವೆ ಮೂರುವರೆ ಸಾವಿರ ವರ್ಷಗಳಿಗೂ ಮಿಕ್ಕ ಅಂತರವಿದೆ. ಆ ಅಂತರವನ್ನು ತುಂಬುವ ಕೊಂಡಿಗಳನ್ನು ಯಾರೂ ಇನ್ನೂ ತೋರಿಸಿಲ್ಲ. ಹಬ್ಬಕ್ಕೂ ಶುಚಿತ್ವಕ್ಕೂ ವಿರೋಧವೇನೂ ಇಲ್ಲವೆಂಬುದು ನಮ್ಮ ಅಭಿಪ್ರಾಯ. ಮನೆಗೆ ಸುಣ್ಣ ಬಳಿಯುವವರು ಹಬ್ಬಕ್ಕಾಗಿಯೇ ಬಳಿಯುವರು.

ಇಲ್ಲಿಯ ತನಕ ಬಂದ ವಾಚಕರು, ಈ ದನಗಾಹಿಗಳು ಕನ್ನಡಿಗರೇ ಅಲ್ಲವೇ ಎಂದು ಕೇಳಲು ತುದಿಗಾಲಲ್ಲಿ ನಿಂತಿರಬಹುದು. ಸಭೆಗಳಲ್ಲಿ ಇಂಥ ಮಾತು ಚಪ್ಪಾಳೆಯನ್ನು ಗಳಿಸುವುದೆಂಬುದನ್ನು ನಾವು ಬಲ್ಲೆವು. ನಾಡು ಒಂದಾಗಬೇಕೆಂದು ದಶಕಗಳ ಕಾಲ ಹಂಬಲಿಸಿದ ಜನಕ್ಕೆ ತನ್ನ ಮೂಲವನ್ನು ಆದಷ್ಟು ಹಿಂದಕ್ಕೆ ಎಳೆಯುವ ಆಶೆ ಹುಟ್ಟುವುದು ತಪ್ಪೂ ಅಲ್ಲ. ಆದರೆ ಉತ್ತರವು ಹೀಗಿರುವುದು: ಮೂಳೆಯೂ ಕಲ್ಲೂ ಭಾಷೆಯನ್ನು ಆಡುವುದಿಲ್ಲ. ಆ ಜನರು ಬರವಣಿಗೆಯನ್ನು ಬಲ್ಲವರಲ್ಲ. ಕನ್ನಡದ ಅತಿ ಹಳೆಯ ಶಾಸನಗಳಲ್ಲಿ ಒಂದಾದ ಹಲ್ಮಿಡಿಯದು, ಎಂ. ಎಚ್. ಕೃಷ್ಣರು 1936ರಲ್ಲಿ ಬೆಳಕಿಗೆ ತಂದದ್ದು, ಕ್ರಿಸ್ತಶಕ ಐದನೆಯ ಶತಮಾನದ್ದು. ಬೂದಿಗುಡ್ಡಗಳಿಗೂ ಅದಕ್ಕೂ ನಡುವೆ ಎರಡು ಸಾವಿರ ವರ್ಷಗಳಿಗೂ ಹೆಚ್ಚಿನ ಮೌನವಿದೆ. ಧಾನ್ಯಗಳ ಹೆಸರುಗಳನ್ನೂ ಗಿಡಮರಗಳ ಹೆಸರುಗಳನ್ನೂ ದ್ರಾವಿಡ ಭಾಷೆಗಳಲ್ಲಿ ಹೋಲಿಸಿ, ಇವರು ದ್ರಾವಿಡ ನುಡಿಯೊಂದನ್ನು ಆಡುತ್ತಿದ್ದಿರಬಹುದೆಂದು ಕೆಲವು ವಿದ್ವಾಂಸರು ಊಹಿಸಿರುವರು. ಊಹೆಯು ಅಸಂಭವವೇನಲ್ಲ, ಆದರೆ ಅದು ಊಹೆಯೇ. ಆಗ ಕನ್ನಡವೆಂದು ಬೇರೆಯಾಗಿ ನಿಂತ ನುಡಿಯೊಂದು ಇದ್ದಿತೆಂದು ಹೇಳುವವನು ಮಾತ್ರ ತನಗೆ ತಿಳಿಯದುದನ್ನು ಹೇಳುವನು.

ಹಾಗಾದರೆ ಅವರು ನಮಗೆ ಏನಾಗಬೇಕು? ನಾವು ಹೀಗೆ ಯೋಚಿಸುವೆವು. ಊರಿನಲ್ಲಿ ಹಳೆಯ ಮನೆಯೊಂದನ್ನು ಕೊಂಡವನು, ಅದನ್ನು ಕಟ್ಟಿಸಿದವರು ತನ್ನ ಅಜ್ಜಂದಿರೆಂದು ಸುಳ್ಳು ಹೇಳಬೇಕಾದುದಿಲ್ಲ. ಆದರೂ ಅದರ ಬುನಾದಿಯನ್ನು ಕಾಯುವ ಹೊಣೆ ಅವನದೇ. ಈ ನೆಲದಲ್ಲಿ ಮೊದಲು ಕಾಳು ಬಿತ್ತಿದವರು, ಮೊದಲು ದನ ಕಟ್ಟಿದವರು ಅವರು. ಕಲ್ಲುಬೆಟ್ಟದ ತಪ್ಪಲಲ್ಲಿ ನೀರು ಎಲ್ಲಿ ನಿಲ್ಲುವುದು, ಯಾವ ಎರೆಯಲ್ಲಿ ಏನು ಬೆಳೆಯುವುದು ಎಂಬುದನ್ನು ಮೊದಲು ಕಂಡುಕೊಂಡವರು ಅವರು. ಅವರ ರಕ್ತ ನಮ್ಮ ಮೈಯಲ್ಲಿ ಎಷ್ಟು ಹರಿಯುತ್ತಿದೆಯೋ ಇರಲಿ, ಅವರ ಹುರುಳಿ ನಮ್ಮ ಗಡಿಗೆಯಲ್ಲಿ ಇಂದಿಗೂ ಬೇಯುತ್ತಿದೆ. ಇಷ್ಟು ಸಂಬಂಧ ಸಾಲದೇ?

ನಾಡು ಹರಿದು ಹಂಚಿಹೋಗಿದ್ದ ಕಾಲದಲ್ಲಿ ಈ ಸಂಬಂಧವನ್ನು ಕಾಣುವುದೂ ಕಷ್ಟವಾಗಿದ್ದಿತೆಂಬುದನ್ನು ಇಲ್ಲಿ ಹೇಳಲೇಬೇಕು. ಬ್ರಹ್ಮಗಿರಿ ಚಂದ್ರವಳ್ಳಿಗಳು ಮೈಸೂರು ಸಂಸ್ಥಾನದಲ್ಲಿ. ಮಸ್ಕಿ ಪಿಕ್ಲಿಹಾಳಗಳು ನಿಜಾಮನ ಮೊಗಲಾಯಿಯಲ್ಲಿ. ಸಂಗನಕಲ್ಲು ಕುಡತಿನಿಗಳು ಮದ್ರಾಸು ಆಧಿಪತ್ಯದಲ್ಲಿ. ಒಂದೇ ಜನರು ಒಂದೇ ಬಗೆಯ ಕೊಡಲಿಯನ್ನು ಹಿಡಿದು ಬಾಳಿದ ಸೀಮೆಗೆ ಮೂರು ಸರಕಾರ, ಮೂರು ಇಲಾಖೆ, ಮೂರು ವರದಿ. ಚಿನ್ನದ ಗಣಿಯ ಎಂಜಿನಿಯರನೊಬ್ಬನು ಮಸ್ಕಿಯಲ್ಲಿ ಅಶೋಕನ ಶಾಸನವನ್ನು ಕಂಡನು. 1915ರಲ್ಲಿ ಅದನ್ನು ಹೈದರಾಬಾದು ಸರಕಾರವು ಪ್ರಕಟಿಸಿತು. ದೇವಾನಾಂಪ್ರಿಯನೆಂಬುವನು ಅಶೋಕನೇ ಎಂಬುದು ಆ ಬಂಡೆಯಿಂದ ನಿಸ್ಸಂದೇಹವಾಯಿತು. ಬ್ರಹ್ಮಗಿರಿಯ ಅಶೋಕ ಶಾಸನವನ್ನು ರೈಸ್ ಸಾಹೇಬರು 1892ರಲ್ಲಿಯೇ ಕಂಡಿದ್ದರು. ಬಳ್ಳಾರಿಯ ಶಿಲಾಯುಗಗಳ ಮೇಲಿನ ಗ್ರಂಥವನ್ನು ಸುಬ್ಬರಾಯರು 1948ರಲ್ಲಿ ಪ್ರಕಟಿಸಿದ್ದು ಪುಣೆಯಿಂದ. ಫೂಟನು ನಮ್ಮ ಬೆಟ್ಟಗಳಿಂದ ಕೂಡಿಸಿದ ಕೊಡಲಿಗಳು ಹೋಗಿ ಸೇರಿದ್ದು ಮದ್ರಾಸಿನ ಸಂಗ್ರಹಾಲಯವನ್ನು. ಇದರಲ್ಲಿ ಯಾರನ್ನೂ ದೂರುವುದಕ್ಕಿಲ್ಲ. ಅವರು ಕೂಡಿಸದಿದ್ದರೆ ಅವು ಇಂದು ಎಲ್ಲಿಯೂ ಇರುತ್ತಿರಲಿಲ್ಲ. ಆದರೆ ಈ ಚೂರುಗಳನ್ನೆಲ್ಲ ಒಂದು ನಾಡಿನ ಕಥೆಯೆಂದು ಒಟ್ಟಿಗೆ ಓದುವವರು ಬಹು ಕಾಲ ಹುಟ್ಟಲಿಲ್ಲ.

ಹೀಗೆ ಒಟ್ಟಿಗೆ ಓದದಿದ್ದರೆ ಎಂಥ ಪ್ರಮಾದವಾಗುವುದೆಂಬುದಕ್ಕೆ ಬ್ರಹ್ಮಗಿರಿಯೇ ಉದಾಹರಣೆ. 1947ರಲ್ಲಿ ಮಾರ್ಟಿಮರ್ ವ್ಹೀಲರನು ಅಲ್ಲಿ ಅಗೆಸಿ, ಕೆಳಗೆ ಕಲ್ಲಿನ ಕೊಡಲಿಯವರು, ಅವರ ಮೇಲೆ ಕಬ್ಬಿಣ ಬಲ್ಲ ಬೃಹತ್ ಶಿಲಾಸಮಾಧಿಯವರು, ಮೇಲುಗಡೆ ಸಾತವಾಹನ ಕಾಲದವರು ಎಂದು ಮೂರು ಪದರಗಳನ್ನು ಅಚ್ಚುಕಟ್ಟಾಗಿ ಬೇರ್ಪಡಿಸಿ ತೋರಿಸಿದನು. ಆ ಕ್ರಮವು ಇಂದಿಗೂ ಆಧಾರಪ್ರಾಯವಾಗಿದೆ. ಆದರೆ ಕಲ್ಲಿನ ಕೊಡಲಿಯ ಯುಗವು ಕ್ರಿಸ್ತಪೂರ್ವ ಮೊದಲನೆಯ ಸಹಸ್ರಮಾನದಲ್ಲಿ ತೊಡಗಿ ಕ್ರಿ.ಪೂ. 200ರವರೆಗೆ ನಡೆಯಿತೆಂದು ಅವನು ಲೆಕ್ಕಹಾಕಿದನು. ಉತ್ತರದಲ್ಲಿ ಮೌರ್ಯರು ಸಾಮ್ರಾಜ್ಯ ಕಟ್ಟಿದಾಗಲೂ ಇಲ್ಲಿಯವರು ಕಲ್ಲನ್ನು ತಿಕ್ಕುತ್ತ ಕುಳಿತಿದ್ದರೆಂದಾಯಿತು! ಇದ್ದಿಲಿನಲ್ಲಿ ಉಳಿದ ಇಂಗಾಲವನ್ನು ಅಳೆದು ವಯಸ್ಸನ್ನು ಹೇಳುವ ವಿಧಾನವನ್ನು 1949ರಲ್ಲಿ ಅಮೆರಿಕೆಯ ಲಿಬ್ಬಿಯು ಪ್ರಕಟಿಸಿದ ಮೇಲೆ, ಉಟ್ನೂರಿನ ಇದ್ದಿಲು ಕ್ರಿಸ್ತಪೂರ್ವ ಮೂರನೆಯ ಸಹಸ್ರಮಾನದ್ದೆಂದು ತಿಳಿಯಿತು. ಒಂದೇ ಏಟಿಗೆ ನಮ್ಮ ನಾಡಿನ ಪೂರ್ವಚರಿತ್ರೆಯು ಸಾವಿರದಿಂದ ಸಾವಿರದೈನೂರು ವರ್ಷ ಹಿಂದಕ್ಕೆ ಸರಿಯಿತು. ಇದನ್ನು ಯಾವ ಅಭಿಮಾನಿಯ ಭಾಷಣವೂ ಸಾಧಿಸಲಿಲ್ಲ; ಬೆರಳೆಣಿಕೆಯ ಇದ್ದಿಲ ಚೂರುಗಳು ಸಾಧಿಸಿದವು. ವ್ಹೀಲರನಂತಹ ಮಹಾಪಂಡಿತನ ಲೆಕ್ಕವು ತಪ್ಪಿದುದು ಅವನ ಅಗೆತದ ದೋಷವಲ್ಲ. ಅಂದು ಕೈಗೆ ಸಿಕ್ಕ ಅಳತೆಗೋಲು ಗಿಡ್ಡವಾಗಿದ್ದಿತು.

1953ರಲ್ಲಿ ಬಳ್ಳಾರಿಯು ಮೈಸೂರಿಗೆ ಸೇರಿತು. 1956ರ ನವೆಂಬರ 1ರಂದು ಉಳಿದ ಭಾಗಗಳು ಕೂಡಿಕೊಂಡವು. ಗಡಿಯನ್ನು ಭಾಷೆಯ ಮೇಲೆ ಎಳೆದರು, ಎಳೆಯಬೇಕಾದುದೂ ಹಾಗೆಯೇ. ಬೂದಿಗುಡ್ಡಗಳು ಮಾತ್ರ ಆ ಗೆರೆಯನ್ನು ಅರಿಯವು. ಉಟ್ನೂರು ತೆಲಂಗಾಣದಲ್ಲಿ, ಪಾಲವಾಯಿ ಆಂಧ್ರದ ಅನಂತಪುರದ ಸೀಮೆಯಲ್ಲಿ. ಅಲ್ಲಿಯ ವಿದ್ವಾಂಸರೊಡನೆ ಕೂಡಿ ದುಡಿಯದೆ ಈ ಕಥೆ ಪೂರ್ತಿಯಾಗದು. ನಾಡಿನ ಏಕೀಕರಣಕ್ಕಾಗಿ ದುಡಿದವರು ನೆರೆಯವರ ಹಗೆಗಳಾಗಿ ದುಡಿಯಲಿಲ್ಲವೆಂಬುದನ್ನು ನೆನಪಿಸಿಕೊಳ್ಳಲು ಇದಕ್ಕಿಂತ ಒಳ್ಳೆಯ ಕೆಲಸ ಬೇರೊಂದಿಲ್ಲ.

ಆದರೆ ಒಂದಾದ ಮೇಲೆ ನಾವು ಮಾಡಿದ್ದೇನು? ಇಲ್ಲಿಯೇ ನಮ್ಮ ಲೇಖನಿಯು ಬಿಸಿಯಾಗುವುದು. ಫೂಟನೂ ಆಲ್ಚಿನನೂ ಕಂಡ ಬೂದಿಗುಡ್ಡಗಳಲ್ಲಿ ಎಷ್ಟೋ ಈಗ ಪೂರ್ತಿಯಾಗಿ ಇಲ್ಲ. ಹೊಲವನ್ನು ಮಟ್ಟಮಾಡಲು, ಗೊಬ್ಬರಕ್ಕೆಂದು, ರಸ್ತೆಗೆ ಹಾಕಲೆಂದು ಅವುಗಳನ್ನು ಅಗೆದೊಯ್ದಿರುವರು. ಹಿಂದೆ ಗಾಡಿಗಳು ಒಯ್ಯುತ್ತಿದ್ದಾಗ ಗುಡ್ಡ ಸವೆಯಲು ತಲೆಮಾರು ಬೇಕಾಗುತ್ತಿದ್ದಿತು. ಈಗ ಅಗೆಯುವ ಯಂತ್ರವೂ ಲಾರಿಯೂ ಸೇರಿದರೆ ವಾರ ಸಾಕು. ಕುಪ್ಪಗಲ್ಲಿನ ಹಿರೇಗುಡ್ಡದ ಮೇಲೆಯೂ ಕಲ್ಲುಗಣಿಯ ಸಿಡಿಮದ್ದಿನ ಸದ್ದು ಕೇಳಿಬಂದಿತು. ದನಗಳ ಚಿತ್ರವಿದ್ದ ಬಂಡೆಗಳೂ ನಾದಗೊಡುವ ಬಂಡೆಗಳೂ ಜಲ್ಲಿಯಾಗುವ ಭಯವು ಬಂದಿತು. ನಾಲ್ಕು ಸಾವಿರ ವರ್ಷ ಮಳೆಗಾಳಿಗೆ ಅಂಜದ ಕಲ್ಲು ಗುತ್ತಿಗೆದಾರನಿಗೆ ಅಂಜಬೇಕಾಯಿತು.

ಆ ಗಾಡಿಯ ರೈತರನ್ನು ನಾವು ದೂರಲಾರೆವು. ಅವರು ತಮ್ಮ ಹಿರಿಯರಿಂದ ಬಂದ ಅಭ್ಯಾಸದಂತೆ ನಡೆದರು. ದನದ ಸಗಣಿಯು ಕೊನೆಗೆ ಹೊಲಕ್ಕೇ ಸೇರಿತಲ್ಲ ಎಂದು ಹೇಳಿದರೂ ಸಲ್ಲುವುದು. ಈ ದಿಬ್ಬದ ಬೆಲೆಯೇನೆಂಬುದನ್ನು ಅವರಿಗೆ ಅವರ ನುಡಿಯಲ್ಲಿ ಹೇಳಿದವರು ಯಾರು? ಆಲ್ಚಿನನ ಗ್ರಂಥ ಇಂಗ್ಲಿಷಿನಲ್ಲಿ. ವ್ಹೀಲರನ ವರದಿ ಇಂಗ್ಲಿಷಿನಲ್ಲಿ. ನಮ್ಮ ವಿಶ್ವವಿದ್ಯಾಲಯಗಳ ಪಂಡಿತರು ಬರೆದ ಪ್ರಬಂಧಗಳಲ್ಲಿ ಬಹುಪಾಲೂ ಇಂಗ್ಲಿಷಿನಲ್ಲಿಯೇ. ದಿಬ್ಬದ ಪಕ್ಕದಲ್ಲಿ ಬಾಳುವವನನ್ನು ಬಿಟ್ಟು ಲೋಕಕ್ಕೆಲ್ಲ ದಿಬ್ಬದ ಮಹಿಮೆ ತಿಳಿದಿದೆ! ವಾಲಿಯ ಚಿತೆಯೆಂಬ ನಂಬುಗೆ ಬಲವಾಗಿದ್ದಾಗ ಬೂದಿಗೆ ಕೈಹಾಕಲು ಜನ ಅಳುಕಿದ್ದಿರಬೇಕು. ನಾವು ಆ ನಂಬುಗೆಯನ್ನು ಸಡಿಲಿಸಿದೆವು, ಆದರೆ ಅದರ ಸ್ಥಳದಲ್ಲಿ ತಿಳಿವಳಿಕೆಯನ್ನು ಇಡಲಿಲ್ಲ.

ಕಾಯಿದೆಯಿಲ್ಲವೇ ಎಂದರೆ, ಇದೆ. ಕೇಂದ್ರದ ಕಾಯಿದೆ 1958ರದು. ನಮ್ಮ ರಾಜ್ಯದ ಕಾಯಿದೆ 1961ರದು. ಆದರೆ ಕಾಯಿದೆಯು ರಕ್ಷಿಸುವುದು ಯಾದಿಯಲ್ಲಿ ಹೆಸರು ಹತ್ತಿದುದನ್ನು ಮಾತ್ರ. ಗೋಪುರವಿಲ್ಲದ, ಶಾಸನವಿಲ್ಲದ, ಒಂದು ಕೆತ್ತಿದ ಕಲ್ಲೂ ಇಲ್ಲದ ಬೂದಿಯ ರಾಶಿಯನ್ನು ಸ್ಮಾರಕವೆಂದು ಒಪ್ಪಿಕೊಳ್ಳಲು ನಮ್ಮ ಕಣ್ಣುಗಳು ಇನ್ನೂ ಪಳಗಬೇಕಾಗಿವೆ. ನೂರಾರು ಗುಡ್ಡಗಳೆಲ್ಲವನ್ನೂ ಬೇಲಿಹಾಕಿ ಕಾಯುವುದು ಯಾವ ಸರಕಾರಕ್ಕೂ ಆಗದ ಮಾತು, ಒಪ್ಪುವೆವು. ಹತ್ತನ್ನಾದರೂ ಆರಿಸಿ, ಕುಡತಿನಿ, ಕುಪ್ಪಗಲ್ಲು, ಬೂದಿಹಾಳಗಳನ್ನು ಮೊದಲು ಹಿಡಿದು, ಸುತ್ತಲಿನ ನೆಲದೊಡನೆ ಉಳಿಸಿಕೊಳ್ಳಲು ಯಾರ ಅಡ್ಡಿಯಿದೆ? ಬೂದಿಯನ್ನಷ್ಟೇ ಉಳಿಸಿದರೆ ಸಾಲದು. ಪಕ್ಕದಲ್ಲಿದ್ದ ಊರು ಹೊಲದ ಕೆಳಗಿರುವುದೆಂಬುದನ್ನು ಬೂದಿಹಾಳವು ಕಲಿಸಿದೆ.

ಬಳ್ಳಾರಿಯಲ್ಲಿ ಫೂಟನ ಹೆಸರಿನ ಸಂಗ್ರಹಾಲಯವೊಂದು ಕೋರಿಶೆಟ್ಟರರ ಮುತುವರ್ಜಿಯಿಂದ ಎದ್ದುನಿಂತಿರುವುದು ಮನಸ್ಸಿಗೆ ಸಮಾಧಾನ ಕೊಡುವ ಸಂಗತಿ. ಸಂಗನಕಲ್ಲಿನ ಕೊಡಲಿಗಳನ್ನು ನೋಡಲು ಕನ್ನಡಿಗನು ಈಗ ಪರಸ್ಥಳಕ್ಕೆ ಹೋಗಬೇಕಾದುದಿಲ್ಲ. ಆದರೆ ಗಾಜಿನ ಪೆಟ್ಟಿಗೆಯಲ್ಲಿಟ್ಟ ಕೊಡಲಿಯನ್ನು ನೋಡಿದ ಹುಡುಗನು ಅದೇ ಮಧ್ಯಾಹ್ನ ಆ ಬೆಟ್ಟವನ್ನೂ ಹತ್ತಬೇಕು. ಈ ಜಿಲ್ಲೆಗಳ ಶಾಲಾ ಮಾಸ್ತರರಲ್ಲಿ ನಮ್ಮ ವಿನಂತಿಯಿಷ್ಟೇ. ಈ ವರ್ಷ ಪ್ರವಾಸವನ್ನು ಹಂಪೆಗೆ ಒಯ್ಯುವಾಗ ಕುಡತಿನಿಯಲ್ಲಿ ಒಂದು ತಾಸು ಬಂಡಿಯನ್ನು ನಿಲ್ಲಿಸಿರಿ. ಬೂದಿಯನ್ನು ಕೆದರಗೊಡಬೇಡಿರಿ, ಚೂರನ್ನೂ ಎತ್ತಿಕೊಳ್ಳಗೊಡಬೇಡಿರಿ. ಬಗ್ಗಿ ಪದರಗಳನ್ನು ಎಣಿಸಲು ಹೇಳಿರಿ. ನಿಮ್ಮೂರಿನ ಹತ್ತಿರ ಇಂಥ ದಿಬ್ಬವಿದ್ದರೆ ಅದರ ಹೆಸರು, ಸರ್ವೆ ನಂಬರು, ಇಂದು ಎಷ್ಟು ಉಳಿದಿದೆಯೆಂಬ ಅಳತೆ, ಅದರ ಬಗ್ಗೆ ಮುದುಕರು ಹೇಳುವ ಕಥೆ, ಇವುಗಳನ್ನು ಹುಡುಗರ ಕೈಯಿಂದಲೇ ಬರೆಯಿಸಿ ಒಂದು ಪ್ರತಿಯನ್ನು ಶಾಲೆಯಲ್ಲಿಟ್ಟು, ಇನ್ನೊಂದನ್ನು ಪುರಾತತ್ವ ಇಲಾಖೆಗೆ ಕಳುಹಿಸಿರಿ. ಮುಂದಿನ ವರ್ಷ ಅದೇ ಹುಡುಗರು ಹೋಗಿ ಮತ್ತೆ ಅಳೆಯಲಿ. ದಿಬ್ಬವು ಒಂದು ಗೇಣು ಕುಗ್ಗಿದ್ದರೆ, ಆ ಗೇಣು ಎಲ್ಲಿಗೆ ಹೋಯಿತೆಂದು ಊರ ಪಂಚಾಯಿತಿಯನ್ನು ಅವರೇ ಕೇಳಲಿ.